ಕೋಟೆಯ ಮಹಡಿಯಲ್ಲಿ ಸುರಿದ ನೀರು

ಜೈಸಲ್ಮೇರಿಗೆ ಅಡುಗೆ ಮಾಡಲು ಬರುತ್ತೀರಾ ಎಂದು ಡಾಕ್ಟರಮ್ಮ ಕೇಳಿದಾಗ ನಾನು ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿರುವ ಅವರ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಅವರ ಮನೆಯಲ್ಲಿ ಹಬ್ಬ, ತಿಥಿ ಏನಿದ್ದರೂ ಅಡುಗೆ ನನ್ನದೇ. ಮರುಭೂಮಿಯ ನಡುವೆ ಕೋಟೆ, ಕೋಟೆಯೊಳಗೆ ಇಡೀ ಊರು, ಜನ ಇಂದಿಗೂ ಅಲ್ಲೇ ವಾಸ ಮಾಡುತ್ತಾರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದರು. ನ್ಯೂಜೆರ್ಸಿಯ ನಾಲ್ಕು ಕನ್ನಡ ಕುಟುಂಬಗಳು ಸೇರಿ ಹೊರಟಿದ್ದವು. ಡಾಕ್ಟರಮ್ಮನ ಯಜಮಾನರಿಗೆ ಎಪ್ಪತ್ತು ತುಂಬುವುದಿತ್ತು. ಆ ದಿನದ ಹೋಳಿಗೆ ಊಟ ಕೋಟೆಯೊಳಗೇ ಆಗಬೇಕು ಎಂಬುದು ಅವರ ಆಸೆ.

"ಅಲ್ಲೇನ್ ಊಟ ಸಿಗೂದಿಲ್ಲೇನ್ರಿ?" ಎಂದೆ.

"ಸಿಗತ್ತೆ ಅಜ್ಜಿ. ಆದ್ರೆ ನಮ್ಮವ್ರಿಗೆ ಎರಡು ದಿನ ಸಾರನ್ನ ಇಲ್ದಿದ್ರೆ ಮುಖ ಸೊಟ್ಟಗಾಗತ್ತೆ. ಆಮೇಲೆ ಎಲ್ರೂ ನನ್ನ ಮೇಲೆ ರೇಗ್ತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದೇ ಇರೋರು ಬೇರೆ ಇದ್ದಾರೆ. ರಿಸ್ಕ್ ಯಾಕೆ?"

ಫ್ಲೋರಲ್ ಪಾರ್ಕಿನ ಅಂಗಡಿಯಿಂದ ತೊಗರಿಬೇಳೆ, ಇಂಗು, ಹುಣಸೆಹಣ್ಣು ತಂದು ಪೆಟ್ಟಿಗೆ ತುಂಬಿದೆವು. ಭಾರತದಿಂದ ಹಡಗಿನಲ್ಲಿ ಬಂದ ಬೇಳೆಯನ್ನು ವಿಮಾನದಲ್ಲಿ ಭಾರತಕ್ಕೆ ಹೊತ್ತೆವು. ಇದು ಹುಚ್ಚು ಎಂದು ನನಗೆ ಅನ್ನಿಸಿತು. ಹೇಳಲಿಲ್ಲ. ನನಗೂ ಹೋಗುವ ಮನಸ್ಸಿತ್ತು.

ಒಂದು ಮಾತು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನ್ಯೂಜೆರ್ಸಿಯ ಮನೆಗಳು ಕಟ್ಟಿಗೆಯ ಪೆಟ್ಟಿಗೆಗಳು. ಅಡುಗೆಮನೆಯ ನೆಲದಲ್ಲಿ ನೀರು ಹೋಗಲು ಒಂದು ತೂತು ಸಹ ಇರುವುದಿಲ್ಲ. ನಾನು ಬಂದ ಹೊಸತರಲ್ಲಿ ಒಂದು ಬಕೆಟ್ ನೀರು ಸುರಿದು ಕಸಬರಿಗೆ ಹಿಡಿದಿದ್ದಕ್ಕೆ ಮಗಳು ಕಿರುಚಿಕೊಂಡು ಓಡಿಬಂದಿದ್ದಳು. ಅಂದಿನಿಂದ ಕೋಲಿಗೆ ಕಟ್ಟಿದ ಬಟ್ಟೆಯಲ್ಲಿ ಒರೆಸುವುದೇ ಗತಿ. ಮಡಿಯಲ್ಲಿ ಅಡುಗೆ ಮಾಡಿ ಬೆಳೆದವಳಿಗೆ ಒರೆಸಿದ ನೆಲ ಎಂದಿಗೂ ತೊಳೆದ ನೆಲ ಆಗುವುದಿಲ್ಲ. ಆದರೂ ಸುಮ್ಮನಿದ್ದೆ, ಏಕೆಂದರೆ ನೀರಿಳಿದರೆ ಮಗಳ ಮನೆಯ ಹಲಗೆ ಕೊಳೆಯುತ್ತದೆ.

ಕೋಟೆ ಹಳದಿ ಕಲ್ಲಿನದು. ಕೆಳಗಿನಿಂದ ನೋಡಿದರೆ ಗುಡ್ಡ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಒಂದಾದ ಮೇಲೊಂದು ನಾಲ್ಕು ಬಾಗಿಲು ದಾಟಿ ಏರಬೇಕು. ದಾರಿಯ ಕಲ್ಲುಗಳು ಸವೆದು ನುಣ್ಣಗಾಗಿದ್ದವು. ಕುಕ್ಕರು, ಪಾತ್ರೆಗಳ ಚೀಲ ಹೊತ್ತ ಆಟೋ ಮೂರನೆಯ ಬಾಗಿಲಲ್ಲಿ ಹಿಂದಕ್ಕೆ ಜಾರಿತು. ಒಳಗೆ ಗಲ್ಲಿಗಳು ಎಷ್ಟು ಇಕ್ಕಟ್ಟೆಂದರೆ, ಎದುರಿಗೆ ಆಕಳು ಬಂದರೆ ಯಾರದೋ ಹೊಸ್ತಿಲು ಹತ್ತಿ ನಿಲ್ಲಬೇಕು.

ನಾವು ಇಳಿದುಕೊಂಡ ಮನೆಯಲ್ಲಿ ಕೆಳಗೆ ಮನೆಯೊಡತಿ ಮತ್ತು ಅವಳ ಅತ್ತೆ ಇದ್ದರು. ಮೇಲಿನ ಎರಡು ಅಂತಸ್ತು ಪ್ರವಾಸಿಗರಿಗೆ. ಅದೇ ಅವಳ ಜೀವನ. ಅತ್ತೆ ಹಾಸಿಗೆ ಹಿಡಿದ ಮುದುಕಿ. ಮೊದಲ ಅಂತಸ್ತಿನ ಒಂದು ಕೋಣೆಯನ್ನು ನನಗೆ ಅಡುಗೆಗೆಂದು ಬಿಟ್ಟುಕೊಟ್ಟರು. ಅದರ ನೇರ ಕೆಳಗೇ ಮುದುಕಿಯ ಕೋಣೆ.

ಮನೆಯೊಡತಿಗೆ ಐವತ್ತರ ಮೇಲೆ. ನನ್ನನ್ನು 'ಮಾಸಾ' ಎನ್ನುತ್ತಿದ್ದಳು. ಆ ಕಡೆ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನಮ್ಮ ಗದಗಿನ ಕಡೆಯ ಒರಟು ಹಿಂದಿ ನನಗೆ ಬರುತ್ತದೆ, ಅದರಲ್ಲೇ ನಮ್ಮಿಬ್ಬರ ಮಾತು ನಡೆಯಿತು. ಬಂದ ದಿನವೇ ನನ್ನನ್ನು ಕೂಡಿಸಿಕೊಂಡು ಹೇಳಿದಳು.

"ಮಾಸಾ, ಇಲ್ಲಿ ನೆಲದ ಮೇಲೆ ನೀರು ಹಾಕಬೇಡಿ. ಪಾತ್ರೆಗಳನ್ನು ಕೆಳಗಿನ ಅಂಗಳಕ್ಕೆ ತನ್ನಿ, ನಾನು ಬೂದಿ ಹಾಕಿ ಉಜ್ಜಿಕೊಡುತ್ತೇನೆ. ನೆಲಕ್ಕೆ ಹಿಂಡಿದ ಬಟ್ಟೆ ಸಾಕು."

"ಆಯ್ತು," ಎಂದೆ.

"ಹಿಂದೆ ಕೆಳಗಿನ ಕೆರೆಯಿಂದ ಹೆಂಗಸರು ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದರು. ಆಗ ಯಾರೂ ಚೆಲ್ಲುತ್ತಿರಲಿಲ್ಲ. ಮನೆಮನೆಗೆ ನಲ್ಲಿ ಬಂದ ಮೇಲೆ ಕೋಟೆಗೆ ಕಾಯಿಲೆ ಬಂತು."

ತಲೆ ಆಡಿಸಿದೆ. ಅವಳು ಕೆಳಗೆ ಇಳಿದು ಹೋದಳು. ನಾನು ಕೋಣೆಯ ನೆಲ ನೋಡಿದೆ. ದಪ್ಪ ಕಲ್ಲಿನ ಹಾಸು. ಇಷ್ಟು ವರ್ಷಗಳ ಮೇಲೆ ಕಾಲ ಕೆಳಗೆ ಕಲ್ಲು. ಆ ಕೋಣೆಯಲ್ಲಿ ಮೊದಲು ಯಾರು ಮಲಗಿದ್ದರೋ, ಯಾವ ಬೂಟು ಹಾಕಿಕೊಂಡು ಓಡಾಡಿದ್ದರೋ. ಬಾಗಿಲು ಹಾಕಿಕೊಂಡು ಎರಡು ಬಕೆಟ್ ನೀರು ಸುರಿದು ಗಸಗಸ ತೊಳೆದೆ. ಎಷ್ಟು ಹಿತ ಅನ್ನಿಸಿತೆಂದು ಹೇಳಲಾರೆ. ಕಲ್ಲುಗಳ ಸಂದಿಯಲ್ಲಿ ಗಾರೆ ಇರಲಿಲ್ಲ. ನೀರು ಬಾಗಿಲ ಕಡೆ ಹರಿಯದೆ ಅಲ್ಲಲ್ಲೇ ಇಂಗಿಹೋಯಿತು. ಒಳ್ಳೆಯದೇ ಆಯಿತು, ಬಳಿಯುವ ಕೆಲಸ ಉಳಿಯಿತು ಎಂದುಕೊಂಡೆ.

ಆಮೇಲೆ ದಿನಾ ಅದೇ ಪಾಠ. ಬೆಳಗಿನ ಉಪ್ಪಿಟ್ಟು, ಅವಲಕ್ಕಿ ಮುಗಿಸಿ ಎಲ್ಲರೂ ಊರು ನೋಡಲು ಹೋಗುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದೆ. ಮಧ್ಯಾಹ್ನದ ಅಡುಗೆಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಕುಕ್ಕರಿನ ತಳದ ನೀರು, ಎಲ್ಲವನ್ನೂ ಮೂಲೆಯಲ್ಲಿ ಚೆಲ್ಲುತ್ತಿದ್ದೆ. ಕೆಳಗೆ ಹೊತ್ತೊಯ್ಯಲು ಮೊಣಕಾಲು ನೋವು ಎಂಬುದು ನೆಪ. ನಿಜವೆಂದರೆ ಬೂದಿಯಲ್ಲಿ ಉಜ್ಜಿದ ಪಾತ್ರೆಯನ್ನು ಮತ್ತೆ ನೀರಿನಲ್ಲಿ ಅದ್ದದೆ ಒಲೆಗೆ ಇಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವಳು ಉಜ್ಜಿ ಕೊಟ್ಟದ್ದನ್ನೂ ಮೇಲೆ ತಂದು ಇನ್ನೊಮ್ಮೆ ತೊಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಮನೆಯೊಡತಿ ತರಕಾರಿ ತರಲು ನನ್ನನ್ನೂ ಕರೆದುಕೊಂಡು ಹೋದಳು. ದಾರಿಯಲ್ಲಿ ಕೋಟೆಯ ಅಂಚಿಗೆ ನಿಲ್ಲಿಸಿ ತೋರಿಸಿದಳು. ದುಂಡಗಿನ ದೊಡ್ಡ ಕೊತ್ತಳ, ಅದರ ಹೊಟ್ಟೆಯ ಮೇಲೆ ಉದ್ದಕ್ಕೆ ಬಿರುಕು. ಅಲ್ಲೇ ಪಕ್ಕದಲ್ಲಿ ಕುಸಿದ ಗೋಡೆಯನ್ನು ಹೊಸ ಕಲ್ಲಿಟ್ಟು ಕಟ್ಟಿದ್ದರು. ಹೊಸ ಕಲ್ಲಿನ ಬಣ್ಣ ಬೇರೆಯೇ ಕಾಣುತ್ತಿತ್ತು. "ಒಳಗಿನ ಮನೆಗಳ ನೀರು ಗುಡ್ಡಕ್ಕೆ ಇಳಿಯುತ್ತದೆ. ಗುಡ್ಡ ಮೆತ್ತಗಾಗುತ್ತದೆ," ಎಂದಳು. ಎಲ್ಲ ಕೇಳಿಸಿಕೊಂಡೆ, ಎಲ್ಲ ನೋಡಿದೆ. ಮನೆಗೆ ಬಂದು ಮತ್ತೆ ಎರಡು ಬಕೆಟ್ ಸುರಿದೆ. ಇಷ್ಟು ದೊಡ್ಡ ಕೋಟೆಗೆ ನನ್ನ ಎರಡು ಬಕೆಟ್ ಯಾವ ಲೆಕ್ಕ ಎಂದುಕೊಂಡೆನೋ ಏನೋ. ಅಷ್ಟು ಸಹ ಯೋಚಿಸಲಿಲ್ಲ ಅನ್ನಿಸುತ್ತದೆ.

ರಾಯರಿಗೆ ಮೊದಲು ಅನುಮಾನ ಬಂತು. ರಾಯರೆಂದರೆ ಡಾಕ್ಟರಮ್ಮನ ಯಜಮಾನರು, ನ್ಯೂಜೆರ್ಸಿಯಲ್ಲಿ ಸೇತುವೆ ಕಟ್ಟುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಾಫಿಗೆಂದು ಒಳಗೆ ಬಂದವರು ಹೊಸ್ತಿಲಲ್ಲೇ ನಿಂತು ನೆಲ ನೋಡಿದರು.

"ಅಮ್ಮಾ, ಈ ನಡುವಿನ ಕಲ್ಲು ಸ್ವಲ್ಪ ತಗ್ಗಾಗಿದೆ ಅಲ್ವಾ? ಬಂದ ದಿನ ಹೀಗಿತ್ತಾ?"

"ಹಳೇ ಮನಿ ರೀ. ಮೊದಲಿಂದ ಹಂಗ ಅದ."

"ನೀರೇನಾದ್ರೂ ಬೀಳ್ತಿದೆಯಾ ಇಲ್ಲಿ?"

"ಅಡಗಿ ಮಾಡೂವಾಗ ನಾಕ ಹನಿ ಬೀಳೂದಿಲ್ಲೇನ್ರಿ? ಕಾಫಿ ತಗೋರಿ, ಆರ್ತದ."

ಅವರು ಕಾಫಿ ತೆಗೆದುಕೊಂಡು ಹೋದರು. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವಳು ನಾನು.

ನನಗೆ ಕ್ಷಮೆಯಿಲ್ಲ ಎನ್ನುವುದು ಇದಕ್ಕೇ. ನಾನು ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿದವಳು. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಹಾಸು, ಅದರ ಮೇಲೆ ಮೊಣಕಾಲುದ್ದ ಮಣ್ಣು. ಅಪ್ಪ ಮಳೆಗೆ ಮುಂಚೆ ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯುತ್ತಿದ್ದ. ಜಡಿ ಮಳೆ ಹಿಡಿದರೆ ಅವ್ವ ನಮ್ಮನ್ನು ನಡುಮನೆಯಲ್ಲಿ ಮಲಗಲು ಬಿಡುತ್ತಿರಲಿಲ್ಲ, ಗೋಡೆಯ ಬುಡಕ್ಕೆ ಎಳೆದು ಹಾಕುತ್ತಿದ್ದಳು. ಒಣಗಿದ ಮಣ್ಣು ಹೊರುವಷ್ಟು ಭಾರ, ನೀರು ಕುಡಿದ ಮಣ್ಣು ಹೊರಲಾಗದ ಭಾರ ಎಂಬುದು ನನಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಗೊತ್ತಿದ್ದದ್ದೇ ಇಂಥ ನಾಲ್ಕು ವಿಷಯ. ಮೇಲೆ ಕಲ್ಲು ಹಾಸಿದ್ದಕ್ಕೆ, ಅದರ ಕೆಳಗೂ ಅದೇ ಮಣ್ಣು, ಅದೇ ಕಟ್ಟಿಗೆ ಇರಬಹುದು ಎಂದು ತಲೆಗೆ ಹೊಳೆಯಲಿಲ್ಲ.

ರಾಯರ ಎಪ್ಪತ್ತರ ದಿನ ಬೇಗ ಎದ್ದೆ. ಹೋಳಿಗೆಗೆ ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಹೂರಣ ಒಲೆಯ ಮೇಲಿಟ್ಟೆ. ನಲ್ಲಿಯಲ್ಲಿ ನೀರು ಬರುವ ಹೊತ್ತು ಹೇಳಲಾಗದು ಎಂದು ಹಿಂದಿನ ಸಂಜೆಯೇ ಎರಡು ಡ್ರಮ್ಮು ತುಂಬಿಸಿಟ್ಟಿದ್ದೆ. ಎಲ್ಲರೂ ಜೈನ ಬಸದಿ ನೋಡಲು ಹೋಗಿದ್ದರು. ಮುದುಕಿಗೆ ನನ್ನ ತಿಳಿಸಾರು ಸೇರುತ್ತಿತ್ತು, ಹಾಗಾಗಿ ಒಂದು ಬಟ್ಟಲು ಬೆಚ್ಚಗಿನ ಕಟ್ಟು ಹಿಡಿದು ಕೆಳಗಿಳಿದೆ.

ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಕೌದಿಯ ಮೇಲೆ ಬಿದ್ದ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಆರಿಸಿ ಪಕ್ಕದಲ್ಲಿ ಗುಡ್ಡೆ ಮಾಡುತ್ತಿದ್ದಳು.

"ಇಲಿ ಕಾಟ," ಎಂದಳು ಮನೆಯೊಡತಿ, ಬಾಗಿಲಲ್ಲಿ ಕೂತು ಗೋಧಿ ಹಸನು ಮಾಡುತ್ತ. "ಇವರು ಬೇರೆ, ಮಳೆ ಬರ್ತಿದೆ ಮಳೆ ಬರ್ತಿದೆ ಅಂತ ಒಂದೇ ಸಮನೆ ಹೇಳ್ತಿದ್ದಾರೆ. ಈ ಚಳಿಗಾಲದಲ್ಲಿ ಎಲ್ಲಿಯ ಮಳೆ? ವಯಸ್ಸಾಯಿತು."

ಒಂದು ಹೆಂಟೆ ಕೈಗೆ ತೆಗೆದುಕೊಂಡು ಹಿಸುಕಿದೆ. ಪುಡಿಯಾಗಲಿಲ್ಲ. ಬೆರಳಿಗೆ ಮೆತ್ತಿಕೊಂಡಿತು. ತಲೆಯೆತ್ತಿ ನೋಡಿದೆ. ಕಡ್ಡಿ ಹಾಸು ಬಸುರಿಯ ಹೊಟ್ಟೆಯ ಹಾಗೆ ಕೆಳಗೆ ಇಳಿಬಿದ್ದಿತ್ತು. ನಡುವಿನ ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಕರ್ರಗೆ ನೆನೆದಿತ್ತು. ನಾನು ನೋಡುತ್ತಿರುವಾಗಲೇ ತೊಲೆ ಸಣ್ಣಗೆ ಒಮ್ಮೆ ಸದ್ದು ಮಾಡಿತು.

ಆ ಸದ್ದು ನನಗೆ ಗೊತ್ತು.

ಮೊದಲು ಬಂದ ಯೋಚನೆ ಯಾವುದು ಎಂದು ಮುಚ್ಚಿಡದೆ ಹೇಳುತ್ತೇನೆ. ಹೂರಣ ತಳ ಹಿಡಿಯುತ್ತದೆ ಎಂಬುದು. ಎರಡನೆಯದು, ನಾಳೆ ಹೊರಡುತ್ತೇವೆ, ಇಷ್ಟು ದಿನ ನಿಂತದ್ದು ಇನ್ನೊಂದು ದಿನ ನಿಂತೀತು ಎಂಬುದು. ಹೋಳಿಗೆ ಮಾಡದಿದ್ದರೆ ಇವರೆಲ್ಲರ ಎದುರು ನನ್ನ ಮಾನ ಏನಾಗಬೇಕು ಎಂಬುದು ಮೂರನೆಯದು. ತೊಲೆಯ ಕೆಳಗೆ ಕೂತ ಮುದುಕಿ ನಾಲ್ಕನೆಯವಳಾಗಿ ಬಂದಳು. ಅವಳು ಕಟ್ಟಿನ ಬಟ್ಟಲಿಗೆ ಕೈಚಾಚಿದ್ದಳು.

ಬಟ್ಟಲು ನೆಲದ ಮೇಲಿಟ್ಟೆ. "ಇವರನ್ನು ಹೊರಗೆ ಎತ್ತಬೇಕು. ಈಗಲೇ. ಮೇಲೆ ನೆಲಕ್ಕೆ ನೀರು ಹಾಕಿದ್ದೇನೆ, ದಿನಾ ಹಾಕಿದ್ದೇನೆ," ಎಂದೆ.

ಮನೆಯೊಡತಿ ಮೇಲೆ ನೋಡಿದಳು. ಕೈಯಲ್ಲಿದ್ದ ಮೊರ ಹಾಗೇ ಕೆಳಗಿಟ್ಟಳು. ಇಬ್ಬರೂ ಕೌದಿಯ ನಾಲ್ಕು ಮೂಲೆ ಹಿಡಿದು ಮುದುಕಿಯನ್ನು ಅಂಗಳಕ್ಕೆ ತಂದೆವು.

ಮೇಲಿನ ಭಾರ ಇಳಿಸಬೇಕಿತ್ತು. ನೀನು ಹೋಗಬೇಡ ಎಂದು ಅವಳಿಗೆ ಹೇಳಿ ನಾನೇ ಹತ್ತಿದೆ. ನಡುವೆ ಕಾಲಿಡದೆ ಗೋಡೆಗೆ ಬೆನ್ನು ತಾಗಿಸಿಕೊಂಡು ಸುತ್ತು ಹಾಕಿ ಒಲೆ ಆರಿಸಿದೆ. ಡ್ರಮ್ಮುಗಳು ಪುಣ್ಯಕ್ಕೆ ಗೋಡೆಯ ಬುಡದಲ್ಲಿದ್ದವು, ಆದರೆ ತುಂಬಿದ ಡ್ರಮ್ಮು ಎತ್ತಲಾಗದು, ಉರುಳಿಸುವ ಹಾಗಿಲ್ಲ, ಚೆಲ್ಲುವ ಹಾಗಂತೂ ಇಲ್ಲವೇ ಇಲ್ಲ. ಅಷ್ಟರಲ್ಲಿ ಮನೆಯೊಡತಿ ಗಲ್ಲಿಯಲ್ಲಿ ಕೂಗಿ ಹೇಳಿದ್ದಳು. ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ನಾನು ತಂಬಿಗೆಯಿಂದ ಮೊಗೆದು ಕೊಡ ತುಂಬಿದೆ, ಅವರು ಕೈಯಿಂದ ಕೈಗೆ ದಾಟಿಸಿ ತಮ್ಮ ತಮ್ಮ ಮನೆಗೆ ಒಯ್ದರು. ಒಂದು ತೊಟ್ಟು ನೆಲಕ್ಕೆ ಬೀಳಲಿಲ್ಲ. ನೆರೆಮನೆಯ ಸೊಸೆಯೊಬ್ಬಳು ಮುಸುಕಿನೊಳಗಿಂದಲೇ ಇನ್ನೊಬ್ಬಳಿಗೆ, "ಅಮೆರಿಕದಿಂದ ಇಲ್ಲಿಗೆ ನೆಲ ತೊಳೆಯೋಕೆ ಬಂದಿದ್ದಾರೆ," ಎಂದಳು. ಎಲ್ಲರೂ ನಕ್ಕರು. ನಗಲಿ ಎಂದು ನೀರು ಮೊಗೆಯುತ್ತಲೇ ಇದ್ದೆ.

ಗೌಂಡಿ ಬಂದು ತೊಲೆಗೆ ಎರಡು ಕಡೆ ಕಂಬ ಕೊಟ್ಟು ಬೆಣೆ ಹೊಡೆದ. ಮೇಲಿನ ಒಂದು ಕಲ್ಲು ಮೀಟಿ ತೆಗೆದು ಕೈಹಾಕಿದಾಗ ಮಣ್ಣು ಮುದ್ದೆಯಾಗಿ ಬಂತು. ಆ ಹೊತ್ತಿಗೆ ನಮ್ಮವರೂ ಬಸದಿ ನೋಡಿ ಬಂದರು. ನಾನು ಎಲ್ಲರ ಎದುರು ನಡೆದದ್ದು ಹೇಳಿದೆ.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಎಳೆದರು. "ಅಜ್ಜಿ, ನೀವ್ಯಾಕೆ ಹಾಗೆ ಹೇಳೋಕೆ ಹೋದ್ರಿ? ಇದು ಹಳೇ ಬಿಲ್ಡಿಂಗು, ಅವ್ರು ಮೇಂಟೇನ್ ಮಾಡಿಲ್ಲ. ಸುಮ್ನೆ ನಮ್ಮ ಮೇಲೆ ಬರತ್ತೆ."

"ನಮ್ಮ ಮ್ಯಾಲಲ್ರಿ. ನನ್ನ ಮ್ಯಾಲ ಬರ್ಬೇಕು."

"ನಿಮ್ಮನ್ನ ಕರ್ಕೊಂಡು ಬಂದಿದ್ದು ನಾನು ತಾನೇ?"

ರಾಯರು ಕಂಬವನ್ನು ಮುಟ್ಟಿ ನೋಡಿ ಬಂದು ನನ್ನ ಎದುರು ನಿಂತರು. "ನಾನು ಕೇಳಿದ್ದೆ ಅಲ್ವಾ ಅಮ್ಮಾ," ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಆ ದಿನದ ಊಟ ಗಲ್ಲಿಯ ತುದಿಯ ಊಟದ ಮನೆಯಲ್ಲಾಯಿತು. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ತುಪ್ಪ ಸುರಿದ ರೊಟ್ಟಿ, ಬೇಳೆ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ತಿಂದರು. ಸಾರನ್ನ ಯಾರೂ ಕೇಳಲಿಲ್ಲ.

ಮುದುಕಿಯನ್ನು ಮಾತ್ರ ಎಲ್ಲಿ ಇಡುವುದು? ಉಳಿದ ಕೋಣೆಗಳನ್ನೂ ನಂಬುವ ಹಾಗಿಲ್ಲ ಎಂದ ಗೌಂಡಿ. ಕೋಟೆಯ ಕೆಳಗೆ ಹೊಸ ಬಡಾವಣೆಯಲ್ಲಿ ಮನೆಯೊಡತಿಯ ಮಗಳ ಸಿಮೆಂಟಿನ ಮನೆಯಿತ್ತು. ಮುದುಕಿ ಒಪ್ಪಲಿಲ್ಲ. ಮದುವೆಯಾಗಿ ಹತ್ತಿ ಬಂದವಳು, ಈ ಕೋಟೆಯೊಳಗೇ ಕಣ್ಣು ಮುಚ್ಚುತ್ತೇನೆ ಎಂದು ಆಸ್ಪತ್ರೆಗೂ ಹೋಗದೆ ಹಟ ಹಿಡಿದವಳಂತೆ. ಅಂಗಳದ ಕಂಬ ಹಿಡಿದುಕೊಂಡು ಕೂತಳು. ಬೆರಳು ಬಿಡಿಸಿದವಳು ಸೊಸೆ. ಮಂಚದ ಸಮೇತ ನಾಲ್ಕು ಜನ ಹೊತ್ತರು. ನಾನು ಹಿಂದೆ ಅವಳ ಬಟ್ಟೆಯ ಗಂಟು ಹಿಡಿದು ನಡೆದೆ. ಒಂದೊಂದು ಬಾಗಿಲು ಬಂದಾಗಲೂ ಮುದುಕಿ ಕತ್ತೆತ್ತಿ ಕಮಾನು ನೋಡುತ್ತಿದ್ದಳು. ಕೊನೆಯ ಬಾಗಿಲಿಗೆ ಬಂದಾಗ ಸೆರಗು ಮುಖದ ಮೇಲೆ ಎಳೆದುಕೊಂಡಳು.

ಆ ರಾತ್ರಿ ಕೋಟೆಯ ಕೆಳಗಿನ ಒಂದು ಹೋಟೆಲಿನಲ್ಲಿ ಕಳೆದು ಮರುದಿನ ನಾವು ಹೊರಟಾಗ ಡಾಕ್ಟರಮ್ಮ ಒಂದು ಲಕೋಟೆ ಕೊಟ್ಟರು, ಮನೆಯೊಡತಿ ತೆಗೆದುಕೊಂಡಳು. ನಾನು ಕೈಮುಗಿದೆ. ಅವಳೂ ಮುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಪಾರ್ಸಿಪನಿಗೆ ಬಂದ ಮೇಲೆ ಪ್ರವಾಸದವರೆಲ್ಲ ಒಂದು ಭಾನುವಾರ ಸೇರಿದರು. ಫೋಟೋ ನೋಡಿದರು. ನನ್ನ ಕಥೆ ಅಷ್ಟು ಹೊತ್ತಿಗೆ ನಗುವ ಕಥೆಯಾಗಿತ್ತು. ಅಡುಗೆ ಅಜ್ಜಿ ಕೋಟೆ ಕೆಡವಿದ ಕಥೆ. ಹ್ಯಾರಿಸನ್ನಿನಲ್ಲಿರುವ ಮೊಮ್ಮಗಳಿಗೆ ಪೂರ್ತಿ ಹೇಳಿದೆ. ಅವಳು ನನ್ನ ಭುಜ ಹಿಡಿದು, "ಅಜ್ಜಿ, ಇಟ್ಸ್ ನಾಟ್ ಯುವರ್ ಫಾಲ್ಟ್. ಇಟ್ಸ್ ಲೈಕ್ ಎಂಟುನೂರು ವರ್ಷ ಓಲ್ಡ್," ಎಂದಳು.

"ನಾ ಹೋಗೂತನಕಾ ನಿಂತಿತ್ತಲ್ಲವಾ," ಎಂದೆ.

ಮನೆಯೊಡತಿಯ ನಂಬರು ಡಾಕ್ಟರಮ್ಮನಿಂದ ತೆಗೆದುಕೊಂಡು, ಮೊಮ್ಮಗಳು ಬಂದಾಗ ವೀಡಿಯೋ ಹಚ್ಚಿಸಿದೆ. ಮನೆಯೊಡತಿ ಇನ್ನೂ ಕೋಟೆಯ ಕೆಳಗಿನ ಮಗಳ ಮನೆಯಲ್ಲೇ ಇದ್ದಳು. ಗೌಂಡಿ ನೆಲ ಪೂರ್ತಿ ಬಿಚ್ಚಿ ನೋಡಿದನಂತೆ. ತೊಲೆಯ ತುದಿಗೆ ಮೊದಲೇ ಹುಳ ಹಿಡಿದಿತ್ತಂತೆ. "ನಿಮ್ಮೊಬ್ಬರದೇ ತಪ್ಪಲ್ಲ ಮಾಸಾ. ಯಾವತ್ತಾದರೂ ಆಗುವುದಿತ್ತು," ಎಂದಳು. ಮೇಲಿನ ಎರಡೂ ಅಂತಸ್ತು ಇಳಿಸಬೇಕಂತೆ. ಮತ್ತೆ ಕಟ್ಟಲು ಕೋಟೆಯೊಳಗೆ ಪರವಾನಗಿ ಸಿಗುವುದು ಸುಲಭವಲ್ಲವಂತೆ. ಪ್ರವಾಸಿಗರಿಗೆ ಕೊಡುವುದು ನಿಂತುಹೋಗಿ ಅವಳು ಯಾರದೋ ಹೋಟೆಲಿಗೆ ರೊಟ್ಟಿ ತಟ್ಟಲು ಹೋಗುತ್ತಿದ್ದಳು. ಅವಳು ಕೊಟ್ಟ ಆ ಸಮಾಧಾನವನ್ನು ನಾನು ತೆಗೆದುಕೊಳ್ಳಲಿಲ್ಲ. ಹುಳ ತಿಂದ ತೊಲೆಯೂ ಒಣ ಮಣ್ಣನ್ನು ಎಷ್ಟೋ ವರ್ಷ ಹೊರುತ್ತದೆ. ಅದೂ ನನಗೆ ಗೊತ್ತು.

ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ಅವಳು ಫೋನನ್ನು ಮಂಚದ ಕಡೆ ತಿರುಗಿಸಿದಳು. ಮುದುಕಿ ಸೊರಗಿದ್ದಳು. ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಯಾರೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಕೋಟೆಯ ಯಾರೋ ನೆರೆಯವಳು ಎಂದುಕೊಂಡಿರಬೇಕು.

"ಮನೆ ಒಣಗಿತಾ?" ಎಂದು ಕೇಳಿದಳು.

ಸೊಸೆ ಫೋನಿನ ಹಿಂದಿನಿಂದ ಮೆಲ್ಲಗೆ, "ಇವರಿಗೆ ಏನೂ ಹೇಳಿಲ್ಲ ಮಾಸಾ," ಎಂದಳು.

"ಒಣಗುತ್ತಾ ಇದೆ," ಎಂದೆ.

ಮುದುಕಿ ತಲೆ ಆಡಿಸಿದಳು. ಮಣ್ಣಿನ ಮನೆಯ ಲೆಕ್ಕ ಗೊತ್ತಿದ್ದವಳು. ಒಂದು ಬೇಸಿಗೆ ಬೇಕು, ಬೇಸಿಗೆ ಕಳೆದ ಮೇಲೆ ಕೋಟೆ ಹತ್ತುತ್ತೇನೆ ಎಂದಳು. ಆಮೇಲೆ ಫೋನಿನ ಹತ್ತಿರಕ್ಕೆ ಬಾಗಿ, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು.

"ಮೇಲೆ ಒಬ್ಬ ಹೆಂಗಸು ಇದ್ದಾಳೆ. ನೆಲ ತೊಳೆಯಬೇಡ ಅಂತ ಅವಳಿಗೆ ಹೇಳು."

"ಹೇಳುತ್ತೇನೆ," ಎಂದೆ.